ಶಾರ್ಟ್‌ಹ್ಯಾಂಡ್, ಟೈಪಿಂಗಿಗೂ ವರ್ಲ್ಡ್ ಚಾಂಪಿಯನ್‌ಶಿಪ್ ಐತಾ? ನಮ್ಮಂಥೋರು ಹೋಗಬಹುದಾ?

ಐತೆ, ತಮಾಷೆ ಅಲ್ಲ. ಇಂಟರ್‌ಸ್ಟೆನೊ ಅಂತ ಸಂಸ್ಥೆ, 1887ರಲ್ಲಿ ಲಂಡನ್ನಲ್ಲಿ ನಡೆದ ಶಾರ್ಟ್‌ಹ್ಯಾಂಡ್ ಸಮ್ಮೇಳನದಿಂದ ಶುರು ಆಗಿದ್ದು. ಮಾತನ್ನ ಗೆರೆ ಗುರುತಲ್ಲಿ ಬೇಗ ಬರ್ಕೊಳ್ಳೋಕೆ ನಾವೆಲ್ಲ ಗೀಚ್ತಾ ಕೂತ್ಕೊಳ್ಳೋ ಪಿಟ್‌ಮನ್ ಶಾರ್ಟ್‌ಹ್ಯಾಂಡ್ ಪದ್ಧತಿ ಹೊರಗೆ ಬಂದಿದ್ದು 1837ರಲ್ಲಿ, ಅದಕ್ಕೆ ಐವತ್ತು ತುಂಬಿದ ವರ್ಷ ಅದು. ಈಗ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಒಂದೊಂದು ಊರಲ್ಲಿ ಸೇರ್ತಾರೆ, 2009ರಲ್ಲಿ ಬೀಜಿಂಗ್, 2017ರಲ್ಲಿ ಬರ್ಲಿನ್, ಹಿಂಗೆ.

ನೀವು ಕೇಳಿದ್ದು, ಊರು ಹೊಳಲ್ಕೆರೆ, ಟೈಪಿಂಗೂ ಶಾರ್ಟ್‌ಹ್ಯಾಂಡೂ ಸೀನಿಯರ್ ಪಾಸಾಗಿದೆ, ಇಂಗ್ಲಿಷ್ ಟೈಪಿಂಗ್ ಸ್ಪೀಡ್ ನಿಮಿಷಕ್ಕೆ 60 ಪದ, ಹೋದ್ರೆ ಗವರ್ನಮೆಂಟ್ ಕೆಲಸಕ್ಕೆ ಅನುಕೂಲ ಆಗುತ್ತಾ ಅಂತ. ಕೆಲಸದ ಮಾತು ಮೊದಲೇ ಹೇಳಿಬಿಡ್ತೀನಿ, ಆಗಲ್ಲ. ಜಿಲ್ಲಾ ಕೋರ್ಟ್ ಸ್ಟೆನೊ ಪೋಸ್ಟಿಗೆ ಕೇಳೋದು ನಮ್ಮ ಬೋರ್ಡಿನ ಸೀನಿಯರ್ ಸರ್ಟಿಫಿಕೇಟು, ಕೇಂದ್ರ ಸರ್ಕಾರದ ಕೆಲಸಕ್ಕೆ ಆರಿಸೋ ಎಸ್‌ಎಸ್‌ಸಿಯವರು ಅವರದೇ ಟೆಸ್ಟ್ ತಗೋತಾರೆ. ಅಲ್ಲಿಗೆ ಹೋಗಿ ಮೆಡಲ್ ತೋರಿಸಿದ್ರೆ ಗುಮಾಸ್ತರು ಚೆನ್ನಾಗೈತೆ ಕಣಪ್ಪಾ ಅಂತಾರೆ ಅಷ್ಟೇ. ಆದ್ರೂ ತಯಾರಿ ಮಾಡ್ರಿ ಅಂತೀನಿ, ಯಾಕಂದ್ರೆ ಆ ತಯಾರಿ ಇಲ್ಲಿಯ ಎಲ್ಲಾ ಪರೀಕ್ಷೆಗೂ ಆಗುತ್ತೆ. ನಾನು ದಾವಣಗೆರೇಲಿ ಸಂಜೆ ಹೊತ್ತು ಒಂದು ಇನ್ಸ್ಟಿಟ್ಯೂಟಲ್ಲಿ ಹೇಳ್ಕೊಡ್ತೀನಿ, ಹರಿಹರ ಜಗಳೂರಿಂದೆಲ್ಲ ಹುಡುಗರು ಬರ್ತಾರೆ, ಅವರನ್ನ ನೋಡಿ ಹೇಳ್ತಿರೋದು ಇದು.

ಟೈಪಿಂಗ್ ತಗೊಳ್ರಿ. ಇವಾಗಿನ ಹುಡುಗರು ಮಂಕಿಟೈಪ್ ಅನ್ನೋ ಟೈಪಿಂಗ್ ಸೈಟಲ್ಲಿ ಹದಿನೈದು ಸೆಕೆಂಡ್ ಹೊಡೆದು ಸಾರ್ ನಂದು ತೊಂಬತ್ತು ಬಂತು ಅಂತಾರೆ. ಇಂಟರ್‌ಸ್ಟೆನೊದಲ್ಲಿ ಕಾಪಿ ಟೈಪಿಂಗು ಅರ್ಧ ಗಂಟೆ, ನಿಲ್ಲಿಸದಂಗೆ. ಅಲ್ಲಿ ಪದ ಎಣಿಸಲ್ಲ, ಸ್ಪೇಸೂ ಸೇರಿಸಿ ಅಕ್ಷರ ಎಣಿಸ್ತಾರೆ. ಐದು ಅಕ್ಷರಕ್ಕೆ ಒಂದು ಪದ ಅಂತ ಹಿಡಿದ್ರೆ ನಿಮ್ಮ 60 ಅಂದ್ರೆ ನಿಮಿಷಕ್ಕೆ 300 ಅಕ್ಷರ, ಗೆಲ್ಲೋರು ಅರ್ಧ ಗಂಟೆ ಪೂರ್ತಿ 700 ದಾಟಿಸ್ತಾರೆ. ಚೆಕ್ ದೇಶದ ಹೆಲೆನಾ ಮಟೌಶ್ಕೋವಾ ಅಂತ ಹೆಣ್ಮಗಳು ಎಷ್ಟೋ ಸಲ ಗೆದ್ದಾರೆ. ಆದ್ರೆ ಸ್ಪೀಡಿಗಿಂತ ತಪ್ಪಿನ ಲೆಕ್ಕ ನೋಡ್ರಿ. ನಿಮ್ಮ ಸ್ಪೀಡಲ್ಲೇ ಅರ್ಧ ಗಂಟೆಗೆ 9000 ಅಕ್ಷರ ಆಗುತ್ತೆ, 99 ಪರ್ಸೆಂಟ್ ಕರೆಕ್ಟ್ ಅಂದ್ರೂ 90 ತಪ್ಪು ಉಳೀತು, ಮತ್ತೆ ಒಂದು ತಪ್ಪಿಗೆ ಒಂದೇ ಅಕ್ಷರ ಕಳೆಯಲ್ಲ, ಹತ್ತಾರು ಅಕ್ಷರ ಕಳೀತಾರೆ, ಕೂತು ಲೆಕ್ಕ ಹಾಕಿದ್ರೆ ಹೊಡೆದಿದ್ದರಲ್ಲಿ ಎಷ್ಟು ಕೈಗೆ ಬಂತು ಅಂತ ಗೊತ್ತಾಗುತ್ತೆ. ಹಳೇ ಮ್ಯಾನುಯಲ್ ಮಷಿನ್ನಲ್ಲಿ ಕಲಿತೋರಿಗೆ ಅಳಿಸೋ ಸೌಕರ್ಯ ಇರ್ಲಿಲ್ಲ, ಅದಕ್ಕೇ ಅವರ ಕೈ ನಿಧಾನ ಆದ್ರೂ ತಪ್ಪು ಬರಲ್ಲ. ನಮ್ಮ ಕ್ಲಾಸಲ್ಲಿ ಇವತ್ತಿಗೂ ಮೊದಲ ತಿಂಗಳು ಬ್ಯಾಕ್‌ಸ್ಪೇಸ್ ಮುಟ್ಟಂಗಿಲ್ಲ.

ನನಗೆ ಇದಕ್ಕಿಂತ ಇಷ್ಟ ಆಗೋದು ಮಾತು ಹಿಡಿಯೋ ಸ್ಪರ್ಧೆ. ಹದಿನೈದು ನಿಮಿಷ ಡಿಕ್ಟೇಷನ್ನು, ಹೋಗ್ತಾ ಹೋಗ್ತಾ ಸ್ಪೀಡ್ ಏರುತ್ತೆ, ಎಲ್ಲಿವರೆಗೆ ಹಿಡಿದ್ರೋ ಅಲ್ಲಿವರೆಗೆ ಟ್ರಾನ್ಸ್‌ಕ್ರಿಪ್ಟ್ ಮಾಡಿ ಕೊಡಬೇಕು. ನಮ್ಮ ಪರೀಕ್ಷೆ ಹಂಗಲ್ಲ, ಎಸ್‌ಎಸ್‌ಸಿ ಸ್ಟೆನೊ ಗ್ರೇಡ್ ಡಿ ಅಂದ್ರೆ ಹತ್ತು ನಿಮಿಷ, ನಿಮಿಷಕ್ಕೆ 80 ಪದದ ಸ್ಪೀಡಲ್ಲಿ, ಗ್ರೇಡ್ ಸಿ ಅಂದ್ರೆ 100ರಲ್ಲಿ, ಒಂದೇ ಸಮ. ಒಂದೇ ಸ್ಪೀಡಿಗೆ ಕೈ ಕೂತೋರಿಗೆ ಸಾಹೇಬ್ರು ಸ್ವಲ್ಪ ಜೋರಾಗಿ ಮಾತಾಡಿದ ಕೂಡ್ಲೇ ಔಟ್‌ಲೈನ್, ಅಂದ್ರೆ ಬರೆಯೋ ಗುರುತಿನ ಆಕಾರ, ಕೆಡುತ್ತೆ, ಒಂದು ಫ್ರೇಸ್ ಬಿಟ್ಟೋದ್ರೆ ಅದನ್ನೇ ಯೋಚಿಸ್ತಾ ಮುಂದಿನ ಎರಡು ಲೈನೂ ಹೋಗ್ತವೆ. ಇನ್ನೊಂದು, ಅವರು ಅಲ್ಲಿ ಪದದ ಬದ್ಲು ಉಚ್ಚಾರದ ಅಕ್ಷರ, ಅಂದ್ರೆ ಸಿಲಬಲ್, ಎಣಿಸ್ತಾರೆ. ನ್ಯಾಯ ಅದೇ. ನಮ್ಮಲ್ಲಿ ‘ಬರಬೇಕಾಗಿತ್ತಂತೆ’ ಅಂತ ಸಾಕ್ಷಿ ಹೇಳಿದ್ರೆ ಲೆಕ್ಕಕ್ಕೆ ಒಂದೇ ಪದ, ಬರೆಯೋನಿಗೆ ತಾನೇ ಗೊತ್ತು.

ಅಲ್ಲಿ ಪೆನ್ಸಿಲ್ ಹಿಡ್ಕೊಂಡೇ ಬರೀಬೇಕು ಅಂತನೂ ಇಲ್ಲ. ಪಿಟ್‌ಮನ್ನೋರು ಒಂದು ಕಡೆ, ಒಟ್ಟಿಗೆ ಹಲವು ಕೀ ಒತ್ತಿ ಬರೆಯೋ ಸ್ಟೆನೊ ಮಷಿನ್ನೋರು ಒಂದು ಕಡೆ, ಕೇಳಿದ್ದನ್ನ ತಾವೇ ಮತ್ತೆ ಸ್ಪಷ್ಟವಾಗಿ ಮೈಕಿಗೆ ಹೇಳಿ ಸಾಫ್ಟ್‌ವೇರಿಂದ ಬರೆಸೋರು ಒಂದು ಕಡೆ, ಫಾರಿನ್ ಟಿವೀಲಿ ಲೈವ್ ಸಬ್‌ಟೈಟಲ್ ಎಷ್ಟೋ ಕಡೆ ಹಂಗೇ ಮಾಡೋದು. ಇಟಲಿಯ ಸೆನೆಟಲ್ಲಿ ಮಿಕೆಲಾ ಅಂತ ಪಿಯಾನೋ ಥರ ಕೀ ಇರೋ ಮಷಿನ್ 1880ರಿಂದ ನಡೀತಾ ಬಂದೈತೆ. ಮಷಿನ್ ದುಡ್ಡು ಜಾಸ್ತಿ ಅಂತ ಹೆದರಬೇಡ್ರಿ, ಕೀಬೋರ್ಡನ್ನೇ ಸ್ಟೆನೊ ಮಷಿನ್ ಥರ ಮಾಡೋ ಪ್ಲೋವರ್ ಅಂತ ಫ್ರೀ ಸಾಫ್ಟ್‌ವೇರ್ ಐತೆ, ಒಟ್ಟಿಗೆ ಎಷ್ಟು ಕೀ ಒತ್ತಿದ್ರೂ ತಗೊಳ್ಳೋ ಕೀಬೋರ್ಡ್ ಇದ್ರೆ ಸಾಕು. ಆದ್ರೆ ಅದು ಇಂಗ್ಲಿಷಿಗೆ.

ಭಾಷೆ ವಿಷಯ ಬಂತಲ್ಲ, ಅಲ್ಲಿ ಕನ್ನಡ ಇಲ್ಲ, ನೀವು ಇಂಗ್ಲಿಷಲ್ಲೇ ಕೂರಬೇಕು. ಇಲ್ಲಿ ಟರ್ಕಿಯವರ ಕಥೆ ಹೇಳಲೇಬೇಕು. ಇಹ್ಸಾನ್ ಸಿತ್ಕಿ ಯೆನೆರ್ ಅಂತ ಒಬ್ರು, ತಮ್ಮ ಭಾಷೇಲಿ ಯಾವ ಅಕ್ಷರ ಎಷ್ಟು ಸಲ ಬರುತ್ತೆ ಅಂತ ಎಣಿಸಿ, ಜಾಸ್ತಿ ಬರೋದು ಗಟ್ಟಿ ಬೆರಳಿಗೆ ಸಿಗೋ ಥರ ಎಫ್ ಕೀಬೋರ್ಡ್ ಮಾಡಿಸಿದ್ರು, 1955ರಲ್ಲಿ ಸರ್ಕಾರ ಒಪ್ತು, ಆಮೇಲೆ ಇದೇ ಸ್ಪರ್ಧೆಗಳಲ್ಲಿ ಟರ್ಕಿಯವರು ರೆಕಾರ್ಡ್ ಮೇಲೆ ರೆಕಾರ್ಡ್ ಮಾಡಿದ್ರು. ನಮಗೂ ಕೆ.ಪಿ. ರಾವ್ ಅವರ ಕನ್ನಡ ಕೀಬೋರ್ಡ್ ವಿನ್ಯಾಸ ಐತೆ, ನುಡಿ ಸಾಫ್ಟ್‌ವೇರಲ್ಲಿ ದಿನಾ ಹೊಡೆಯೋದು ಅದನ್ನೇ. ಅದರ ಮೇಲೆ ಅರ್ಧ ಗಂಟೆ ಕನ್ನಡ ಟೈಪಿಂಗ್ ಸ್ಪರ್ಧೆ ಬೆಂಗಳೂರಲ್ಲಿ ಬ್ಯಾಡ, ನಮ್ಮ ದಾವಣಗೆರೆ ದುರ್ಗದ ಇನ್ಸ್ಟಿಟ್ಯೂಟುಗಳೇ ಸೇರಿ ಮಾಡಬಹುದು, ಮಾಡ್ತಿಲ್ಲ. ಸ್ಪಾನ್ಸರ್ ಸಿಗಲ್ಲ ಅಂತಾರೆ, ಸ್ಪಾನ್ಸರ್ ಯಾಕೆ, ಗೆದ್ದೋರಿಗೆ ಬೆಣ್ಣೆದೋಸೆ ಕೊಡ್ಸಿದ್ರಾಯ್ತು.

ನಿಮಗೆ ಸದ್ಯಕ್ಕೆ ಪಾಸ್‌ಪೋರ್ಟ್ ವೀಸಾ ಖರ್ಚು ಬ್ಯಾಡ. ಇಂಟರ್‌ಸ್ಟೆನೊದವರೇ ಇಂಟರ್‌ನೆಟ್ ಸ್ಪರ್ಧೆ ಮಾಡ್ತಾರೆ, ಅದು ಹತ್ತೇ ನಿಮಿಷ, ಅವರ ಸೈಟಲ್ಲಿ ನಿಯಮ ಓದ್ಕೊಂಡು ಅದಕ್ಕೆ ಮೊದಲು ಕೂರ್ರಿ. ಅಲ್ಲಿವರೆಗೆ ದಿನಾ ಅರ್ಧ ಗಂಟೆ ಹೊಸ ಹೊಸ ಪ್ಯಾಸೇಜ್ ಹೊಡೀರಿ, ಅದೇ ಹಳೇ ಪುಸ್ತಕದ್ದು ಹೊಡೆದ್ರೆ ಬಾಯಿಪಾಠ ಆಗಿರುತ್ತೆ, ಸ್ಪೀಡ್ ಸುಳ್ಳು ತೋರಿಸುತ್ತೆ. ಡಿಕ್ಟೇಷನ್ ಕೊಡೋರು ಸಿಗ್ಲಿಲ್ಲ ಅಂದ್ರೆ ಯೂಟ್ಯೂಬಲ್ಲಿ ವಿಧಾನಸಭೆ ಕಲಾಪ ಹಾಕ್ಕೊಂಡು ಪ್ಲೇಬ್ಯಾಕ್ ಸ್ಪೀಡ್ 0.75ರಿಂದ ಶುರು ಮಾಡಿ ಐದೈದು ನಿಮಿಷಕ್ಕೆ ಏರಿಸ್ತಾ 1.25ಕ್ಕೆ ತಗೊಂಡು ಹೋಗ್ರಿ, ಬಜೆಟ್ ಭಾಷಣ ಆದ್ರೆ ಚೆನ್ನಾಗಿರುತ್ತೆ, ಗಲಾಟೆ ಆದ ದಿನದ್ದು ಮಾತ್ರ ಹಾಕ್ಕೋಬೇಡ್ರಿ, ಎಂಥಾ ಚಾಂಪಿಯನ್ ಬಂದ್ರೂ ಅದನ್ನ ಬರೆಯಕ್ಕಾಗಲ್ಲ.