ಕವಚ-ಕುಂಡಲ ಉಳಿದಿದ್ದರೆ ಕರ್ಣ ಅರ್ಜುನನನ್ನು ಗೆಲ್ಲುತ್ತಿದ್ದನೇ?

ಮಳೆಗಾಲದಲ್ಲಿ ಸಾಗರ, ತೀರ್ಥಹಳ್ಳಿ ಕಡೆ ಜಗಲಿಯಲ್ಲಿ ತಾಳಮದ್ದಲೆ (ವೇಷ, ಕುಣಿತವಿಲ್ಲದ ಯಕ್ಷಗಾನ) ಕೂತು, ಭಾಗವತರು ಮಂಗಳ ಹಾಡಿದ ಮೇಲೂ ಮುಗಿಯದ ಪ್ರಶ್ನೆ ಇದು. ಉತ್ತರ: ಅಷ್ಟು ಸುಲಭಕ್ಕೆ ಸಾಯುತ್ತಿರಲಿಲ್ಲ ನಿಜ, ಗೆಲ್ಲುತ್ತಿದ್ದ ಎನ್ನಲು ಆಧಾರ ಸಾಲದು.

ಮೊದಲು ಯಾವ ಮಹಾಭಾರತ ಎಂದು ಗೊತ್ತುಮಾಡಿಕೊಳ್ಳಿ. ಅರ್ಧ ವ್ಯಾಸರಿಂದ, ಅರ್ಧ ಟೀವಿ ಧಾರಾವಾಹಿಯಿಂದ ತಂದರೆ ವಾದ ಅಲ್ಲೇ ಕೆಡುತ್ತದೆ. ಇಲ್ಲಿ ವ್ಯಾಸರ ಲೆಕ್ಕ.

ಕವಚ ಮೈಮೇಲಿದ್ದಾಗಲೇ ಕರ್ಣ ಹಿಂದೆ ಸರಿದದ್ದುಂಟು. ದ್ರೌಪದಿ ಸ್ವಯಂವರದಲ್ಲಿ ಬ್ರಾಹ್ಮಣ ವೇಷದ ಅರ್ಜುನನೆದುರು ಒಮ್ಮೆ. ಆಗ ಅರ್ಜುನನ ಕೈಯಲ್ಲಿ ಗಾಂಡೀವವೂ ಇರಲಿಲ್ಲ, ಅದು ಸಿಕ್ಕಿದ್ದು ಖಾಂಡವ ದಹನದ ಹೊತ್ತಿಗೆ. ಘೋಷಯಾತ್ರೆಯಲ್ಲಿ, ಅಂದರೆ ದನಗಳನ್ನು ನೋಡುವ ನೆಪದಲ್ಲಿ ಕೌರವರು ಕಾಡಿಗೆ ಹೋದಾಗ, ಗಂಧರ್ವರು ರಥವನ್ನು ಪುಡಿಮಾಡಿದಾಗ ವಿಕರ್ಣನ ರಥ ಹತ್ತಿ ಪಾರಾದ. ಕವಚ ಮೈ ಕಾಯುತ್ತದೆ. ರಥ, ಕುದುರೆ, ಬಿಲ್ಲಿನ ಹೆದೆ ಕಾಯುವುದಿಲ್ಲ.

ಎಲ್ಲರೂ ಎಡವುವುದು ಶಕ್ತ್ಯಾಯುಧದಲ್ಲಿ. ಇಂದ್ರ ಅದನ್ನು ಕೊಟ್ಟಿದ್ದೇ ಕವಚಕ್ಕೆ ಬದಲಾಗಿ. ಹಾಗಾಗಿ ಎರಡನ್ನೂ ಒಟ್ಟಿಗೆ ಕರ್ಣನ ಕೈಗೆ ಕೊಡುವಂತಿಲ್ಲ. ಯುದ್ಧದ 14ನೇ ದಿನದ ರಾತ್ರಿ ಭೀಮನ ಮಗ ಘಟೋತ್ಕಚನನ್ನು ಕರ್ಣ ಕೊಂದದ್ದು ಆ ಶಕ್ತಿಯಿಂದಲೇ. ಕವಚ ಉಳಿದರೆ ಯಾವುದರಿಂದ ಕೊಲ್ಲಬೇಕು? ಇದಕ್ಕೂ ಉತ್ತರ ಇಟ್ಟುಕೊಂಡೇ ವಾದಕ್ಕಿಳಿಯಿರಿ.

ಕರ್ಣನ ಪರ ನಿಲ್ಲುವವರು ಕವಚ ಬಿಟ್ಟು 17ನೇ ದಿನವನ್ನು ಹಿಡಿಯಬೇಕು. ಕವಚವಿಲ್ಲದೆ, ಹಂಗಿಸುವ ಶಲ್ಯನನ್ನು ಸಾರಥಿಯಾಗಿಟ್ಟುಕೊಂಡು ಬಿಟ್ಟ ಸರ್ಪಬಾಣ ಅರ್ಜುನನ ಕಿರೀಟ ಹಾರಿಸಿತು. ಕೃಷ್ಣ ರಥವನ್ನು ನೆಲಕ್ಕೆ ಒತ್ತದಿದ್ದರೆ ಅದು ತಲೆಗೇ ಬೀಳುತ್ತಿತ್ತು.