ಕಣ್ಣಿಗೆ ಟಾರ್ಚ್ ಬಿಟ್ಟು ಏನು ನೋಡಿದರು?

ಪ್ರಶ್ನೆ: ಹತ್ತಿ ಹೊಲಕ್ಕೆ ಎಣ್ಣೆ ಹೊಡೆದು ಬಂದ ನನ್ನ ತಮ್ಮ ಸಂಜೆಗೆ ವಾಂತಿ ಮಾಡತೊಡಗಿದ. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು. ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದವರೇ, ರಕ್ತದ ರಿಪೋರ್ಟಿಗೂ ಕಾಯದೆ ಇಂಜೆಕ್ಷನ್ ಶುರು ಮಾಡಿದರು. ಮರುದಿನ ಅವನು ಹುಚ್ಚನಂತೆ ಬಡಬಡಿಸಿದ. ಔಷಧಿ ತಪ್ಪಾಗಿತ್ತೇ? ಹುಷಾರಾದ ಮೇಲೂ ನಾಲ್ಕು ದಿನ ಯಾಕೆ ಇಟ್ಟುಕೊಂಡರು? ನೆರೆಯವರು ಉಪ್ಪುನೀರು ಕುಡಿಸಿ ಅಂದಿದ್ದರು, ನಾವು ಕುಡಿಸಲಿಲ್ಲ.
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಕುಡಿಸದೇ ಇದ್ದದ್ದಕ್ಕೆ ಮೊದಲು ನಿಮಗೊಂದು ಶಹಬ್ಬಾಸ್. ಈ ಕೀಟನಾಶಕಗಳಲ್ಲಿ ಎಷ್ಟೋ ಸೀಮೆಎಣ್ಣೆಯಂಥ ದ್ರವದಲ್ಲಿ ಕರಗಿಸಿದವು. ಒತ್ತಾಯದಿಂದ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ನಾನು ಮೈಸೂರು ಕಡೆಯವಳು. ವರ್ಗವಾಗಿ ನಿಮ್ಮ ಸೀಮೆಗೆ ಬಂದ ಹೊಸದರಲ್ಲಿ, ಒಂದು ರಾತ್ರಿ ತಾಯಿಯೊಬ್ಬರು ಮಗನನ್ನು ಕರೆತಂದು "ಎಣ್ಣಿ ಕುಡದಾನ್ರೀ" ಅಂದರು. ನಮ್ಮಲ್ಲಿ ಎಣ್ಣೆ ಅಂದರೆ ಸಾರಾಯಿ. ನಾನೂ ಚೀಟಿಯಲ್ಲಿ ಹಾಗೇ ಬರೆದೆ. ಆದರೆ ವಾಸನೆ ತಾಳೆಯಾಗಲಿಲ್ಲ. ಬೆಳ್ಳುಳ್ಳಿಯಂಥ ಘಾಟು. ಟಾರ್ಚ್ ಬಿಟ್ಟೆ. ಕಣ್ಣಿನ ಪಾಪೆ ಗುಂಡುಸೂಜಿಯ ತುದಿಯಷ್ಟಿತ್ತು. ನಿಮ್ಮ ಸೀಮೆಯಲ್ಲಿ ಎಣ್ಣಿ ಅಂದರೆ ಕೀಟನಾಶಕ! ಬರೆದದ್ದನ್ನು ಹೊಡೆದುಹಾಕಿದೆ. ಹುಡುಗ ಬದುಕಿದ. ಈಗಾಗಿದ್ದರೆ ಮನೆಗೆ ಕಳಿಸುವಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ತಾಯಿಯ ಕೈಗೆ ಬರೆದುಕೊಡುತ್ತಿದ್ದೆ. ಕನ್ನಡದಲ್ಲೇ ಮಾತಾಡುತ್ತಾರೆ.

ನಿಮ್ಮ ತಮ್ಮನ ಡಾಕ್ಟರು ನೋಡಿದ್ದೂ ಆ ಪಾಪೆಯನ್ನೇ. ನರಗಳು ಗ್ರಂಥಿಗಳಿಗೆ "ಸುರಿಸು" ಎಂದು ಹೇಳಲು ಒಂದು ರಾಸಾಯನಿಕ ಬಿಡುತ್ತವೆ. ಕೆಲಸ ಮುಗಿದ ಕೂಡಲೇ ಅದನ್ನು ಅಳಿಸಲು ಒಂದು ಕಿಣ್ವ ಇದೆ. ಆರ್ಗನೋಫಾಸ್ಫೇಟ್ ಜಾತಿಯ ವಿಷ ಆ ಕಿಣ್ವದ ಕೈ ಕಟ್ಟುತ್ತದೆ. ಆಮೇಲೆ ನಲ್ಲಿ ನಿಲ್ಲಿಸುವವರೇ ಇಲ್ಲ. ಕಣ್ಣೀರು, ಜೊಲ್ಲು, ಬೆವರು, ಭೇದಿ ಎಲ್ಲ ಒಟ್ಟಿಗೆ. ತೊಡೆಯ ಮಾಂಸ ಒಳಗೆ ಹುಳ ಹರಿದಂತೆ ಅದುರುತ್ತದೆ. ಜೀವ ತೆಗೆಯುವುದು ಮಾತ್ರ ಎದೆಯೊಳಗೆ ತುಂಬುವ ನೀರು ಮತ್ತು ಸೋಲುವ ಉಸಿರು. ರಿಪೋರ್ಟ್ ಬರುವವರೆಗೆ ಅದು ಕಾಯುವುದಿಲ್ಲ.

ಪಾಪೆ ಒಂದನ್ನೇ ನಂಬಿದರೂ ಕೆಟ್ಟೆವು. ಮಾರ್ಫಿನ್ ಜಾತಿಯ ಔಷಧಿ ಅತಿಯಾದವರಿಗೂ ಪಾಪೆ ಅಷ್ಟೇ ಸಣ್ಣ. ಆದರೆ ಅವರು ಹೀಗೆ ಒದ್ದೆಯಾಗಿರುವುದಿಲ್ಲ. ಎಬ್ಬಿಸಿದರೂ ಏಳರು, ಉಸಿರು ನಿಮಿಷಕ್ಕೆ ಐದಾರಕ್ಕೆ ಇಳಿದಿರುತ್ತದೆ. ಅವರಿಗೆ ಬೇಕಾದದ್ದು ನ್ಯಾಲಾಕ್ಸೋನ್, ನಿಮ್ಮ ತಮ್ಮನಿಗೆ ಬೇಕಾದದ್ದು ಅಟ್ರೋಪಿನ್.

ಈ ಅಟ್ರೋಪಿನ್ ನಮ್ಮಲ್ಲಿ 0.6 ಮಿಲಿಗ್ರಾಂನ ಪುಟ್ಟ ಗಾಜಿನ ಆಂಪೂಲಿನಲ್ಲಿ ಬರುತ್ತದೆ. ಎದೆಯ ಗೊರಗೊರ ನಿಲ್ಲುವವರೆಗೆ ಐದೈದು ನಿಮಿಷಕ್ಕೆ ಡೋಸ್ ಇಮ್ಮಡಿ ಮಾಡುತ್ತಾ ಹೋಗಬೇಕು. ಆಂಪೂಲ್ ಮುರಿದೂ ಮುರಿದೂ ನಮ್ಮ ಸಿಸ್ಟರ್‌ಗಳ ಹೆಬ್ಬೆರಳು ಗೀರಿ ಹೋಗುತ್ತಿತ್ತು. ಇದೇ ಅಟ್ರೋಪಿನ್ ನಿಮ್ಮ ಬೇಲಿಯ ಉಮ್ಮತ್ತಿ ಗಿಡದಲ್ಲೂ ಇದೆ. ಉಮ್ಮತ್ತಿ ಬೀಜ ತಿಂದವರು ಬಾಯಿ ಒಣಗಿ, ಪಾಪೆ ಅಗಲವಾಗಿ, ಇಲ್ಲದ್ದನ್ನು ಕಂಡು ಬಡಬಡಿಸುತ್ತಾರಲ್ವಾ? ನಿಮ್ಮ ತಮ್ಮನಿಗೂ ಬಹುಶಃ ಆಗಿದ್ದು ಅದೇ. ಔಷಧಿ ತಪ್ಪಲ್ಲ, ಅಳತೆ ಸ್ವಲ್ಪ ಜಾಸ್ತಿ ಆಗಿರಬೇಕು. ಕಡಿಮೆ ಮಾಡಿದರೆ ಇಳಿಯುತ್ತದೆ.

ನಾಲ್ಕು ದಿನ ಇಟ್ಟುಕೊಂಡದ್ದು ಬಿಲ್ಲಿಗಾಗಿ ಅಂತ ಯಾರಾದರೂ ಅಂದರೆ ನಂಬಬೇಡಿ. ಒಂದರಿಂದ ನಾಲ್ಕು ದಿನದೊಳಗೆ, ಎದ್ದು ಗಂಜಿ ಕುಡಿದವರಲ್ಲೂ ಕೆಲವರಿಗೆ ಕುತ್ತಿಗೆ ಸೋಲುತ್ತದೆ, ಹಿಂದೆಯೇ ಉಸಿರೂ. ಅದಕ್ಕೇ ನಾನು ದಿನಾ ಬೆಳಿಗ್ಗೆ "ದಿಂಬಿನಿಂದ ತಲೆ ಎತ್ತಪ್ಪ" ಅನ್ನುತ್ತಿದ್ದೆ. ಎತ್ತಲು ಆಗದಿದ್ದರೆ ವೆಂಟಿಲೇಟರ್ ಇರುವ ಕಡೆಗೆ ಕಳಿಸಲು ಓಡಾಟ ಶುರು.

ಇನ್ನೊಮ್ಮೆ ಯಾರಿಗಾದರೂ ಹೀಗಾದರೆ 108ಕ್ಕೆ ಫೋನ್ ಮಾಡಿ, ಡಬ್ಬಿಯನ್ನೂ ಜೊತೆಗೆ ತನ್ನಿ. "ಹಸಿರು ಡಬ್ಬಿ" ಅಂದರೆ ನಮಗೆ ಏನೂ ತಿಳಿಯದು, ಲೇಬಲ್ಲಿನ ಹೆಸರು ಬೇಕು. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರಕ್ಕೆ (1800 116 117) ಡಾಕ್ಟರು ಕೇಳುವಾಗಲೂ ಅದೇ ಹೆಸರು ಬೇಕು.

ತಮ್ಮ ಕುಡಿದವನಲ್ಲ, ವಿಷ ಚರ್ಮದಿಂದಲೇ ಒಳಗೆ ಹೋಗಿರಬಹುದು. ಆ ದಿನದ ಅಂಗಿ, ಪಂಚೆ ಇನ್ನೂ ಮೂಲೆಯಲ್ಲಿ ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ರಬ್ಬರ್ ಗ್ಲೌಸ್ ಹಾಕಿಕೊಂಡು, ಮನೆಯ ಬಟ್ಟೆಗಳ ಜೊತೆ ಸೇರಿಸದೆ ಸೋಪಿನಲ್ಲಿ ಬೇರೆಯಾಗಿ ಒಗೆಯಿರಿ.