ಪ್ಲಾಸ್ಮಾ ಲೇಖನ ಕಳಿಸಿದವರಿಗೆ

ನಮಸ್ಕಾರ. ರೇಡಿಯೋ ಅಲೆಗಳಿಂದ ಟೋಕಮಾಕ್ (ಸೂರ್ಯನ ಹಾಗೆ ಪರಮಾಣು ಬೀಜ ಬೆಸೆದು ಶಕ್ತಿ ಪಡೀಲಿಕ್ಕೆ, ಪ್ಲಾಸ್ಮಾವನ್ನು ಕಾಂತದಿಂದ ಹಿಡಿದಿಡುವ ಯಂತ್ರ) ಒಳಗೆ ಕರೆಂಟ್ ಹರಿಸುವ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸರ್ತಿ ಓದಿದೆ, ಒಮ್ಮೆ ಉಡುಪಿಯಿಂದ ಮಂಗಳೂರಿಗೆ ಬಸ್ಸಲ್ಲಿ ಹೋಗುವಾಗ, ಇನ್ನೊಮ್ಮೆ ರಾತ್ರಿ ಪೆನ್ಸಿಲ್ ಹಿಡ್ಕೊಂಡು. ಹೀಗೇ ಹಾಕ್ಲಿಕ್ಕೆ ಆಗುದಿಲ್ಲ. ಆದ್ರೆ ಬಿಟ್ಟುಬಿಡ್ಬೇಡಿ, ಈ ವಿಷಯ ಕನ್ನಡದಲ್ಲಿ ಸರಿಯಾಗಿ ಬರ್ಬೇಕು ಅಂತ ನನಗೆ ತುಂಬಾ ಆಸೆ ಉಂಟು.

ಮೊದಲು ಶಬ್ದ. ಪ್ಲಾಸ್ಮಾಕ್ಕೆ, ಅಂದ್ರೆ ಎಲೆಕ್ಟ್ರಾನುಗಳು ಬಿಡಿಯಾಗಿ ಓಡಾಡುವಷ್ಟು ಬಿಸಿಯಾದ ಅನಿಲಕ್ಕೆ, ‘ಜೀವದ್ರವ್ಯ’ ಅಂತ ಬರ್ದಿದ್ದೀರಿ, ಅದು ಜೀವಕೋಶದ ಒಳಗಿನದ್ದು ಮಾರಾಯ್ರೆ. ಈ ಕೆಲಸಕ್ಕೆ ಬಳಸುವ ‘ಲೋವರ್ ಹೈಬ್ರಿಡ್’ ಅನ್ನುವ ರೇಡಿಯೋ ಅಲೆ ನಿಮ್ಮಲ್ಲಿ ‘ಕೆಳ ಮಿಶ್ರತಳಿ ತರಂಗ’ ಆಗಿದೆ, ತಳಿ ಅಂದ ಕೂಡ್ಲೆ ನಮ್ಮ ಕಡೆಯವರಿಗೆ ಭತ್ತ, ಅಡಿಕೆ ನೆನಪಾಗ್ತದೆ. ಪ್ಲಾಸ್ಮಾ ಪ್ಲಾಸ್ಮಾ ಅಂತಲೇ ಇರ್ಲಿ.

ಇದೆಲ್ಲ ಎಂತಕ್ಕೆ ಬೇಕು ಅನ್ನುದು ನಿಮ್ಮಲ್ಲಿ ಐದನೇ ಪುಟಕ್ಕೆ ಬರ್ತದೆ, ಅದನ್ನೇ ಮೊದಲು ತನ್ನಿ. ಬಳೆಯಾಕಾರದ ಪ್ಲಾಸ್ಮಾ ಗೋಡೆಗೆ ತಾಗದೆ ನಿಲ್ಬೇಕಾದ್ರೆ ಅದರೊಳಗೇ ಕರೆಂಟ್ ಹರೀಬೇಕು, ಆ ಕರೆಂಟನ್ನು ಸಾಮಾನ್ಯವಾಗಿ ನಡುವಿನ ಕಾಯಿಲ್ ಟ್ರಾನ್ಸ್‌ಫಾರ್ಮರ್ ಹಾಗೆ ಹುಟ್ಟಿಸ್ತದೆ, ಆದ್ರೆ ಕಾಯಿಲಿನ ಕರೆಂಟ್ ಒಂದೇ ಕಡೆಗೆ ಬದಲಾಗ್ತಾ ಇದ್ರೆ ಮಾತ್ರ, ಅದು ಎಷ್ಟು ಅಂತ ಬದಲಾದೀತು? ಬಾವಿಯ ರಾಟೆ ನೋಡಿ, ಹಗ್ಗ ಎಳೀತಾ ಇರುವಷ್ಟು ಹೊತ್ತು ತಿರುಗ್ತದೆ, ಹಗ್ಗ ಮುಗೀತು, ರಾಟೆ ನಿಂತಿತು. ಹಗ್ಗ ಇಲ್ಲದೆ, ಅಂದ್ರೆ ಕಾಯಿಲಿನ ಬದಲು ಅಲೆಯಿಂದ, ತಿರುಗಿಸುದು ಹೇಗೆ ಅನ್ನುದೇ ಕಥೆ.

ಇನ್ನು ಎಲೆಕ್ಟ್ರಾನ್ ಅಲೆಯ ಮೇಲೆ ಸವಾರಿ ಮಾಡ್ತದೆ ಅನ್ನುವ ನಿಮ್ಮ ಸರ್ಫಿಂಗ್ ಹೋಲಿಕೆ. ತಪ್ಪಲ್ಲ, ಆದ್ರೆ ಅರ್ಧಕ್ಕೇ ಬಿಟ್ಟಿದ್ದೀರಿ. ಮಲ್ಪೆಯಲ್ಲಿ ಲಂಗರು ಹಾಕಿದ ದೋಣಿ ಅಲೆ ಬಂದ್ರೆ ಏರಿ ಇಳೀತದೆ ಅಷ್ಟೆ, ಅಲೆಯ ವೇಗಕ್ಕೆ ಹತ್ತಿರ ಓಡ್ತಾ ಇರುವ ದೋಣಿಗೆ ಮಾತ್ರ ಹಿಂದಿನಿಂದ ನೂಕು ಸಿಗ್ತದೆ. ಎಲೆಕ್ಟ್ರಾನಿಗೂ ಹಾಗೆ. ಇಲ್ಲೊಂದು ದೊಡ್ಡ ತಪ್ಪು ಮಾಡಿದ್ದೀರಿ, ಅಲೆ ಬಿಟ್ರೆ ಸಾಕು ಕರೆಂಟ್ ಬರ್ತದೆ ಅಂತ. ಎರಡೂ ಕಡೆಗೆ ಸಮ ಅಲೆ ಬಿಟ್ರೆ ಪ್ಲಾಸ್ಮಾ ಬಿಸಿಯಾಗ್ತದೆ, ಆದ್ರೆ ಆಚೆಗೆ ನೂಕಿದ್ದು ಈಚೆಗೆ ನೂಕಿದ್ದು ಸೇರಿ ಸೊನ್ನೆ. ಅದಕ್ಕೇ ಆಂಟೆನಾದಲ್ಲಿ ಅಲೆ ಸಾಗಿಸುವ ಲೋಹದ ಕೊಳವೆಗಳ, ಅಂದ್ರೆ ವೇವ್‌ಗೈಡ್ ಬಾಯಿಗಳನ್ನು ಸಾಲಾಗಿ ಇಟ್ಟು, ಒಂದಕ್ಕಿಂತ ಪಕ್ಕದ್ದು ಚೂರು ತಡವಾಗಿ ಮಿಡಿಯುವ ಹಾಗೆ ಮಾಡ್ತಾರೆ, ಆಗ ಅಲೆ ಹೆಚ್ಚಾಗಿ ಒಂದೇ ದಿಕ್ಕಿಗೆ ಹೊರಡ್ತದೆ. ಇದಕ್ಕೆ ನೀವು ಒಂದು ಸಾಲೂ ಕೊಡ್ಲಿಲ್ಲ.

ನನಗೆ ಓದುವಾಗ ಮೈ ಜುಮ್ಮೆಂದದ್ದು ನಿಮ್ಮ ಏಳನೇ ಪುಟದ ಮೂಲೆಯ ಒಂದು ವಾಕ್ಯ, ವೇಗದ ಎಲೆಕ್ಟ್ರಾನಿಗೆ ಡಿಕ್ಕಿ ಕಮ್ಮಿ ಅನ್ನುದು. ರಥಬೀದಿಯ ಜನಸಂದಣಿಯಲ್ಲಿ ಜೋರು ಓಡಿದವನಿಗೆ ಡಿಕ್ಕಿ ಜಾಸ್ತಿ, ಇಲ್ಲಿ ಪೂರ್ತಿ ಉಲ್ಟಾ! ವೇಗ ಎರಡು ಪಟ್ಟಾದ್ರೆ ಡಿಕ್ಕಿ ಸುಮಾರು ಎಂಟನೇ ಒಂದು ಪಾಲಿಗೆ ಇಳೀತದೆ, ಹಾಗಾಗಿ ಒಮ್ಮೆ ಕೊಟ್ಟ ನೂಕು ತುಂಬಾ ಹೊತ್ತು ಉಳೀತದೆ. ಅಲೆಯಿಂದಲೇ ಕರೆಂಟ್ ಹರಿಸ್ಬಹುದು ಅಂತ 1978ರಲ್ಲಿ ಅಮೆರಿಕದ ಪ್ಲಾಸ್ಮಾ ವಿಜ್ಞಾನಿ ನಥಾನಿಯಲ್ ಫಿಶ್ ಲೆಕ್ಕ ಹಾಕಿ ತೋರಿಸಿದ್ದರ ಜೀವ ಇಲ್ಲೇ ಉಂಟು. ಇದಕ್ಕೆ ಒಂದು ಪೂರ್ತಿ ಪುಟ ಕೊಡಿ.

‘ನಾಳೆಯೇ ಮುಗಿಯದ ವಿದ್ಯುತ್’ ಅನ್ನುವ ಕೊನೆಯ ಪ್ಯಾರಾ ಹೊಡೆದುಹಾಕಿದ್ದೇನೆ. ಪ್ಲಾಸ್ಮಾ ದಟ್ಟ ಆದಷ್ಟು ಅದೇ ಪವರಿಗೆ ಸಿಗುವ ಕರೆಂಟ್ ಕಮ್ಮಿ ಆಗ್ತದೆ, ಹಲವು ದೇಶ ಸೇರಿ ಫ್ರಾನ್ಸಿನಲ್ಲಿ ಕಟ್ತಾ ಇರುವ ದೊಡ್ಡ ಟೋಕಮಾಕ್ ಐಟರ್‌ನಲ್ಲಿ ಬೇಕಾದ 15 ಮಿಲಿಯನ್ ಆಂಪಿಯರ್ ಪೂರಾ ಅಲೆಯಿಂದ ಬರುದಿಲ್ಲ, ಅದನ್ನೂ ಹೇಳಿ. ಅದರ ಜಾಗಕ್ಕೆ ನಡೆದದ್ದನ್ನು ಹಾಕಿ: ಫ್ರಾನ್ಸಿನ ಟೋರ್ ಸುಪ್ರಾ ಅನ್ನುವ ಟೋಕಮಾಕ್ 2003ರಲ್ಲಿ ಅಲೆಯ ಬಲದಿಂದ ಪ್ಲಾಸ್ಮಾ ಹಿಡಿದು ಆರು ನಿಮಿಷ ದಾಟಿತು, ಅದೇ ಯಂತ್ರ ಹೊಸ ರೂಪದಲ್ಲಿ ವೆಸ್ಟ್ ಆಗಿ 2025ರ ಫೆಬ್ರವರಿಯಲ್ಲಿ 1337 ಸೆಕೆಂಡ್ ಪ್ಲಾಸ್ಮಾ ಹಿಡಿದಿಟ್ಟಿತು. ನಮ್ಮ ದೇಶದ್ದೇ ಆದ, ಗುಜರಾತಿನ ಗಾಂಧಿನಗರದ ಹತ್ತಿರದ ಟೋಕಮಾಕ್ ಎಸ್‌ಎಸ್‌ಟಿ-1ಕ್ಕೂ 3.7 ಗಿಗಾಹರ್ಟ್ಸ್‌ನ ಇದೇ ವ್ಯವಸ್ಥೆ ಮಾಡಿದ್ದಾರೆ, ನೀವು ಅದರ ಹೆಸರನ್ನೇ ಎತ್ಲಿಲ್ಲ.

ಹನ್ನೊಂದು ಪುಟ ಆರಕ್ಕೆ ಇಳಿಸಿ ಕಳಿಸಿ. ಪೆನ್ಸಿಲ್ ಗುರುತು ಹಾಕಿದ ನಿಮ್ಮ ಲೇಖನ ಪೋಸ್ಟಲ್ಲಿ ಬರ್ತಾ ಉಂಟು, ಏಳನೇ ಪುಟದಲ್ಲಿ ಎರಡು ಗೆರೆ ಎಳೆದಲ್ಲಿಂದಲೇ ಮತ್ತೆ ಬರೀಲಿಕ್ಕೆ ಕೂತ್ಕೊಳ್ಳಿ.